ಬುಕಾನನನೂ ನಮ್ಮ ಕೆರೆಯ ಮೀನುಗಳೂ

ಶ್ರೀರಂಗಪಟ್ಟಣವು ಪತನಗೊಂಡ ಮರುವರ್ಷ, ಎಂದರೆ 1800ರಲ್ಲಿ, ಮೈಸೂರು ಸೀಮೆಯ ಬೆಳೆ ಕಸುಬುಗಳನ್ನು ಪರಿಶೀಲಿಸಲು ಕಂಪೆನಿ ಸರಕಾರವು ಕಳುಹಿದ ವೈದ್ಯ ಫ್ರಾನ್ಸಿಸ್ ಬುಕಾನನನ ಹೆಸರು ನಮ್ಮ ವಾಚಕರಿಗೆ ಹೊಸತಲ್ಲ. ಆತನು 1801ರಲ್ಲಿ ಹರಿಹರ, ದಾವಣಗೆರೆಗಳ ಮಾರ್ಗವಾಗಿ ಚಿತ್ರದುರ್ಗದ ಕಡೆಗೆ ನಡೆದನು. ಜಗಳೂರು ಸೀಮೆಯ ಬಿಳಿಚೋಡು ಆ ಹಾದಿಗೆ ಬಹುದೂರವಲ್ಲ. ಆದರೆ ಈತನು ಮತ್ಸ್ಯಶಾಸ್ತ್ರಕ್ಕೆ ಸಲ್ಲಿಸಿದ ಸೇವೆಯನ್ನು ಬಲ್ಲವರು ನಮ್ಮಲ್ಲಿ ವಿರಳ.

1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯವನ್ನು ಕಲಿತು, 1794ರಲ್ಲಿ ಕಂಪೆನಿಯ ಚಾಕರಿಗೆ ಸೇರಿದ ಆತನು 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳನ್ನು ಸುತ್ತಿದನು. ಬೆಸ್ತರ ಬಲೆಗೆ ಬಿದ್ದ ಮೀನುಗಳನ್ನು ಪರೀಕ್ಷಿಸಿ, ದೇಶೀಯ ಚಿತ್ರಗಾರರಿಂದ ಅವುಗಳ ರೂಪವನ್ನು ಬರೆಯಿಸಿದನು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ ಆ ಚಿತ್ರಗಳನ್ನು ಕಲ್ಕತ್ತೆಯ ಸರಕಾರವೇ ತಡೆಹಿಡಿಯಿತು. ಆದರೂ ಎದೆಗುಂದದೆ 1822ರಲ್ಲಿ ಗಂಗೆಯ ಮತ್ಸ್ಯಗಳನ್ನು ಕುರಿತ ಗ್ರಂಥವನ್ನು ಹೊರತಂದು, 1829ರಲ್ಲಿ ಕಾಲವಾದನು.

ಆ ಗ್ರಂಥದಲ್ಲಿ ಕಾಟ್ಲಾ, ರೋಹು, ಮೃಗಾಲ ಮೀನುಗಳಿಗೆ ಆತನಿಟ್ಟ ಶಾಸ್ತ್ರೀಯ ನಾಮಗಳು ಈ ದೇಶದ ಜನರ ಬಾಯಿಮಾತಿನಿಂದಲೇ ಬಂದವು. ಮೂರೂ ಒಂದೇ ಮನೆತನದವು. ಆಕಾರ ಮಾತ್ರ ಬೇರೆ. ಇದರ ಗುಟ್ಟು ಬಹುಮಟ್ಟಿಗೆ ಆಹಾರದಲ್ಲಿದೆಯೆಂದು ಇಂದಿನ ವಿಜ್ಞಾನವು ತಿಳಿಸುತ್ತದೆ. ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವುದರಿಂದ ಅದಕ್ಕೆ ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ. ನಡುನೀರಿನಲ್ಲಿ ಮೇಯುವ ರೋಹುವಿಗೆ ಅಂಚುಗಟ್ಟಿದ ತುಟಿ. ತಳದ ಕೆಸರನ್ನು ಕೆದಕುವ ಮೃಗಾಲಕ್ಕೆ ಕೆಳಮುಖದ ಬಾಯಿ, ನೀಳವಾದ ಮೈ, ಬಹಳ ಉದ್ದದ ಕರುಳು. ಅನ್ಯ ಮೀನುಗಳನ್ನು ನುಂಗುವ ಬಾಳೆಮೀನಿಗಾದರೋ ಅಗಲವಾದ ಬಾಯಿ, ಚೂಪುಹಲ್ಲು, ಗಿಡ್ಡ ಕರುಳು. ಅಸಂಖ್ಯ ತಲೆಮಾರುಗಳ ಊಟವು ಒಡಲನ್ನು ಹೀಗೆ ತಿದ್ದಿದೆ.

ಗಂಗೆಯ ಈ ಮೀನುಗಳು ಇಂದು ನಮ್ಮ ಕೆರೆಗಳಲ್ಲಿಯೂ ಬೆಳೆಯುತ್ತಿವೆ. ಬರಗಾಲಕ್ಕೆ ಹೆಸರಾದ ಜಗಳೂರು ತಾಲ್ಲೂಕಿನ ಕೆರೆಗಳಿಗೆ ತುಂಗಭದ್ರೆಯ ನೀರನ್ನು ತರುವ ಯೋಜನೆಯು ಕೈಗೂಡುತ್ತಿರುವಾಗ, ಒಂದೇ ಜಾತಿಯ ಮರಿಗಳನ್ನು ಬಿಟ್ಟು ಕೈತೊಳೆದುಕೊಂಡರೆ ಉಳಿದ ಪದರಗಳ ಆಹಾರವು ವ್ಯರ್ಥವಾಗುವುದು. ಮೂರನ್ನೂ ಕೂಡಿಸಿ ಸಾಕಿದರೆ ಒಂದರ ತುತ್ತನ್ನು ಮತ್ತೊಂದು ಅಷ್ಟಾಗಿ ಕಸಿಯದು. ಈ ವಿಷಯದಲ್ಲಿ ಅಧಿಕಾರಿಗಳು ಊರಿನ ಬೆಸ್ತರನ್ನು ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಗ್ರಂಥದ ಕೀರ್ತಿಯು ಬುಕಾನನನಿಗೆ ನ್ಯಾಯವಾಗಿಯೇ ಸಂದಿದೆ; ಆದರೆ ಮೀನನ್ನು ಹಿಡಿದು, ಹೆಸರು ಹೇಳಿ, ಆತನ ಮುಂದಿಟ್ಟ ಕೈಗಳನ್ನು ನೆನೆದವರಿಲ್ಲ. ಪರರ ಸರಕಾರವು ಮಾಡಿದ ಆ ಮರೆವನ್ನು ನಮ್ಮ ಸರಕಾರವೂ ಮಾಡಬಾರದು.