ಕಲ್ಲುಗಳಿಗೆ ನಂಬರ್ ಕೊಟ್ಟ ರೈಸ್

ವಿಜ್ಞಾನದ ಕಥೆ ಹೇಳೋ ಪುಸ್ತಕಗಳಲ್ಲಿ ನಾವು ಒಂದು ಮಾತು ಓದಿರ್ತೀವಿ: ಟೈಕೋ ಬ್ರಾಹೆ ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ ಇಲ್ಲದಿದ್ರೆ ಕೆಪ್ಲರ್‌ಗೆ ತನ್ನ ನಿಯಮಗಳು ಸಿಗ್ತಿರಲಿಲ್ಲ. ನಮ್ಮ ಶಿಕಾರಿಪುರ, ಸೊರಬದ ಕಲ್ಲುಗಳಿಗೂ ಅಂಥ ಒಬ್ಬರಿದ್ದರು. ಅವರೇ ಬಿ.ಎಲ್. ರೈಸ್.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಲ್ಲೇ. ತಂದೆ ಮಿಷನರಿ. ಇಂಗ್ಲೆಂಡಿನಲ್ಲಿ ಓದಿ ವಾಪಸ್ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಗೆ ಮುಖ್ಯಸ್ಥರಾದರು. ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ಕುದುರೆ ಮೇಲೆ ಹಳ್ಳಿಹಳ್ಳಿ ಸುತ್ತುವಾಗ ಶಾಸನಗಳು ಕಣ್ಣಿಗೆ ಬಿದ್ದವು. ಅದೇ ಹುಚ್ಚಾಯ್ತು. ಕೊನೆಗೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನೇ ನಡೆಸಿದರು.

ಕೆಲಸ ಸುಲಭ ಇರಲಿಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೀಬೇಕು. ಆಮೇಲೆ ಒಂದೊಂದೇ ಅಕ್ಷರ ಓದಬೇಕು. ರೈಸ್ ಒಬ್ಬರೇ ಮಾಡಿದ್ದಲ್ಲ, ಹಳಗನ್ನಡ ಮತ್ತು ಸಂಸ್ಕೃತ ಬಲ್ಲ ಪಂಡಿತರು ಜೊತೆಗಿದ್ದರು.

1886ರಿಂದ 1905ರವರೆಗೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳು ಬಂದವು. ಸುಮಾರು 9,000 ಶಾಸನ! 1902ರ ಏಳನೇ ಸಂಪುಟದಲ್ಲಿ ಶಿಕಾರಿಪುರ, 1904ರ ಎಂಟನೆಯದರಲ್ಲಿ ಸೊರಬ. ಪ್ರತಿ ತಾಲ್ಲೂಕಿಗೆ ಒಂದು ಗುರುತು, ಪ್ರತಿ ಕಲ್ಲಿಗೆ ಒಂದು ನಂಬರ್. ನಮ್ಮ ಭಾಷೇಲಿ ಹೇಳೋದಾದ್ರೆ, ಪ್ರೈಮರಿ ಕೀ ಇರೋ ಡೇಟಾಬೇಸ್.

ತಾಳಗುಂದದ ಕಂಬ ಶಿಕಾರಿಪುರ 176. ಕಂಚಿಗೆ ಓದೋಕೆ ಹೋಗಿ, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಕತ್ತಿ ಹಿಡಿದು ರಾಜನಾದ ಕದಂಬ ಮಯೂರಶರ್ಮನ ಕಥೆ ನಮಗೆ ಸಿಕ್ಕಿದ್ದು ಅದರಿಂದ. 2013-14ರಲ್ಲಿ ಅದೇ ದೇವಸ್ಥಾನದ ಹತ್ತಿರ ಅಗೆದಾಗ ಸಿಂಹಕಟಾಂಜನದ ಮೇಲೆ ಇನ್ನೊಂದು ಶಾಸನ ಸಿಕ್ಕಿತು. ಅದು ಹಲ್ಮಿಡಿಗಿಂತ ಹಳೆಯದು, ಕ್ರಿ.ಶ. 370ರದ್ದು ಅಂತ ವಿದ್ವಾಂಸರು ಹೇಳ್ತಾರೆ.

ಉಪಯೋಗ ಇತಿಹಾಸಕ್ಕಷ್ಟೇ ಅಲ್ಲ. ಗ್ರಹಣದ ದಿನ ದಾನ ಕೊಟ್ಟದ್ದು ಎಷ್ಟೋ ಶಾಸನಗಳಲ್ಲಿದೆ. ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇವನ್ನು ಓದಿ ಹಳೇ ಗ್ರಹಣಗಳನ್ನು ಹುಡುಕಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಉಳಿದ ಕಲ್ಲುಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ. ರೈಸ್ ನೋಡಿದ್ದ ಎಷ್ಟೋ ಕಲ್ಲು ಈಗಿಲ್ಲ. ಅವುಗಳ ಮಾತು ಉಳಿದಿರೋದು ಪುಸ್ತಕದಲ್ಲಿ ಮಾತ್ರ.

ರೈಸ್ 1906ರಲ್ಲಿ ನಿವೃತ್ತರಾಗಿ, 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಡೇಟಾ ಎಂಟ್ರಿ ಅಂದ್ರೆ ನಾವು ಮೂಗು ಮುರೀತೀವಲ್ಲ, ಅವರು ಜೀವಮಾನವಿಡೀ ಮಾಡಿದ್ದು ಹೆಚ್ಚುಕಡಿಮೆ ಅದೇ. ಮುಂದಿನ ಸಲ ಊರಿಗೆ ಹೋದಾಗ ಕೆರೆ ಏರಿ ಮೇಲಿನ ಕಲ್ಲಿನ ನಂಬರ್ ಎಷ್ಟು ಅಂತ ಒಮ್ಮೆ ಹುಡುಕೋಣ. ಇಲ್ಲದಿದ್ರೆ, ನಮಗೂ ಕೆಲಸ ಉಳಿದಿದೆ ಅಂತ ಅರ್ಥ.