ರಾಜ್ಯಾಂಗ ಸಭೆಯಲ್ಲಿ ಮಂಗಳೂರಿನ ಗುರು: ಸ್ವಾಮಿ ಜೆರೋಮ್ ಡಿಸೋಜ

ಭಾರತದ ರಾಜ್ಯಾಂಗವನ್ನು ರೂಪಿಸಿದ ಮಹನೀಯರ ಸಾಲಿನಲ್ಲಿ ಕನ್ನಡ ಕರಾವಳಿಯಲ್ಲಿ ಹುಟ್ಟಿದ ಕಥೋಲಿಕ ಗುರುವೊಬ್ಬರೂ ಇದ್ದರೆಂಬುದನ್ನು ನಮ್ಮ ಯುವಜನರಲ್ಲಿ ಅನೇಕರು ಅರಿಯರು. ಅವರೇ ಯೇಸುಸಭೆಯ ವಂದನೀಯ ಸ್ವಾಮಿ ಜೆರೋಮ್ ಡಿಸೋಜ. ಅವರನ್ನು ಸ್ಮರಿಸುವುದು ಉಚಿತವಾಗಿದೆ.

ಸ್ವಾಮಿಗಳು 1897ರ ಆಗಸ್ಟ್ 6ರಂದು ಮಂಗಳೂರಿನಲ್ಲಿ ಜನಿಸಿದರು. ಯೇಸುಸಭೆಯನ್ನು ಸೇರಿ ಗುರುದೀಕ್ಷೆ ಪಡೆದ ಅವರು ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿಯೂ, ಬಳಿಕ ಮದರಾಸಿನ ಲೊಯೋಲಾ ಕಾಲೇಜಿನಲ್ಲಿಯೂ ಸೇವೆ ಸಲ್ಲಿಸಿ, ವಿದ್ವತ್ತಿಗೂ ವಾಗ್ಮಿತೆಗೂ ಹೆಸರಾದರು. 1946ರಲ್ಲಿ ಮದರಾಸು ಪ್ರಾಂತದಿಂದ ರಾಜ್ಯಾಂಗ ಸಭೆಗೆ ಆಯ್ಕೆಯಾದರು.

ಆ ಸಭೆಯ ಮುಂದಿದ್ದ ಕಠಿಣ ಪ್ರಶ್ನೆಗಳಲ್ಲಿ ಅಲ್ಪಸಂಖ್ಯಾತರ ಪ್ರಶ್ನೆಯೂ ಒಂದು. ಸರ್ದಾರ್ ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಗೆ ಇದನ್ನು ಒಪ್ಪಿಸಲಾಗಿತ್ತು. ಮೂಲಭೂತ ಹಕ್ಕುಗಳ ಉಪಸಮಿತಿಯು ಸಿದ್ಧಪಡಿಸಿದ ಕರಡಿನಲ್ಲಿ ಧರ್ಮವನ್ನು ಅವಲಂಬಿಸುವ ಹಾಗೂ ಆಚರಿಸುವ ಹಕ್ಕು ಮಾತ್ರವಿತ್ತು. 1947ರ ಏಪ್ರಿಲ್‌ನಲ್ಲಿ ಅಲ್ಪಸಂಖ್ಯಾತರ ಉಪಸಮಿತಿಯು ಅದಕ್ಕೆ ಪ್ರಚಾರ ಮಾಡುವ ಹಕ್ಕನ್ನೂ ಸೇರಿಸಬೇಕೆಂದು ಸೂಚಿಸಿತು. ಮದರಾಸಿನ ಕಥೋಲಿಕ ವಿದ್ವಾಂಸರಾದ ರತ್ನಸ್ವಾಮಿಯವರು ಇದಕ್ಕಾಗಿ ವಾದಿಸಿದವರು.

ಮರುತಿಂಗಳೇ ಇನ್ನೊಂದು ಬಿಕ್ಕಟ್ಟು ಎದುರಾಯಿತು. ಬಲಾತ್ಕಾರದಿಂದಾದ ಮತಾಂತರವನ್ನು ಕಾನೂನು ಮನ್ನಿಸಬಾರದೆಂಬ ವಿಧಿಗೆ, ಹದಿನೆಂಟು ವರ್ಷ ತುಂಬದವರ ಮತಾಂತರವನ್ನೂ ಸೇರಿಸಬೇಕೆಂದು ಮುನ್ಷಿಯವರು ತಿದ್ದುಪಡಿ ತಂದರು. ಬಲಾತ್ಕಾರವನ್ನು ಯಾರೂ ಸಮರ್ಥಿಸಲಿಲ್ಲ. ಆದರೆ ತಂದೆತಾಯಿಗಳು ಒಂದು ಧರ್ಮದಲ್ಲಿಯೂ ಎಳೆಯ ಮಕ್ಕಳು ಇನ್ನೊಂದರಲ್ಲಿಯೂ ಉಳಿದರೆ ಕುಟುಂಬದ ಗತಿಯೇನು? ಫ್ರಾಂಕ್ ಆಂಥನಿಯವರೊಡನೆ ಸ್ವಾಮಿ ಜೆರೋಮರೂ ಈ ಆಕ್ಷೇಪವನ್ನು ಮುಂದಿಟ್ಟರು. ವಿಧಿಯು ಮರುಪರಿಶೀಲನೆಗೆ ಹೋಯಿತು. ಬಲಾತ್ಕಾರವನ್ನು ತಡೆಯಲು ಸಾಮಾನ್ಯ ಕಾನೂನೇ ಸಾಕೆಂದು ಕೊನೆಗೆ ಅದನ್ನು ಕೈಬಿಡಲಾಯಿತು.

1948ರ ಡಿಸೆಂಬರ್ 6ರಂದು ಪ್ರಚಾರದ ಹಕ್ಕು ಮತ್ತೆ ಚರ್ಚೆಗೆ ಬಂದಿತು. ಲೋಕನಾಥ ಮಿಶ್ರರು ಅದನ್ನು ತೀವ್ರವಾಗಿ ವಿರೋಧಿಸಿದರು. ಆಗ ಅದರ ಪರವಾಗಿ ನಿಂತವರಲ್ಲಿ ಹಿಂದೂ ಸದಸ್ಯರೇ ಪ್ರಮುಖರೆಂಬುದು ಸ್ಮರಣೀಯ. ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಹದಿನಾಲ್ಕು ವರ್ಷ ಕಲಿತರೂ ತಮ್ಮನ್ನು ಯಾರೂ ಮತಾಂತರಿಸಲು ಯತ್ನಿಸಲಿಲ್ಲವೆಂದು ಟಿ.ಟಿ. ಕೃಷ್ಣಮಾಚಾರಿಯವರು ಸಾಕ್ಷಿ ನುಡಿದರು. ಹಿಂದೆ ತಿದ್ದುಪಡಿ ತಂದಿದ್ದ ಮುನ್ಷಿಯವರೇ, ಅಲ್ಪಸಂಖ್ಯಾತರೊಡನೆ ಆದ ಒಪ್ಪಂದವನ್ನು ಮುರಿಯಬಾರದೆಂದು ಸಭೆಯನ್ನು ಕೇಳಿಕೊಂಡರು.

ಒಪ್ಪಂದವೆಂದಮೇಲೆ ಕೊಡುವುದೂ ಉಂಟಷ್ಟೆ. ಆಂಗ್ಲರ ಆಳ್ವಿಕೆಯಲ್ಲಿ, 1935ರ ಕಾಯಿದೆಯಂತೆ, ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು. ದೇಶವಿಭಜನೆಯ ದಾರುಣ ಅನುಭವದ ನಂತರ, 1947ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮತಕ್ಷೇತ್ರಗಳನ್ನು ತೆಗೆದು ಮೀಸಲು ಸ್ಥಾನಗಳನ್ನು ಮಾತ್ರ ಉಳಿಸುವುದೆಂದು ನಿರ್ಧಾರವಾಯಿತು. 1949ರ ಮೇ 11ರಂದು ಸಲಹಾ ಸಮಿತಿಯು ಧಾರ್ಮಿಕ ಅಲ್ಪಸಂಖ್ಯಾತರಿಗೆ ಆ ಮೀಸಲಾತಿಯೂ ಬೇಡವೆಂದಿತು. ಹಾಗೆ ಸೂಚಿಸಿದವರು ಸಭೆಯ ಉಪಾಧ್ಯಕ್ಷರೂ ಸ್ವತಃ ಕ್ರೈಸ್ತರೂ ಆದ ಹರೇಂದ್ರ ಕುಮಾರ್ ಮುಖರ್ಜಿಯವರು. ಅದೇ ತಿಂಗಳು ರಾಜ್ಯಾಂಗ ಸಭೆಯು ಈ ತೀರ್ಮಾನವನ್ನು ಅಂಗೀಕರಿಸಿದಾಗ ಸ್ವಾಮಿ ಜೆರೋಮರು ಅದನ್ನು ಬೆಂಬಲಿಸಿದರು.

ಇದು ಸಣ್ಣ ತ್ಯಾಗವಲ್ಲ. ಕೈಯಲ್ಲಿದ್ದ ಸ್ಥಾನಗಳನ್ನು ಬಿಟ್ಟು, ಕಾಗದದ ಮೇಲಿನ ಹಕ್ಕುಗಳನ್ನೂ ನೆರೆಹೊರೆಯವರ ಸದ್ಭಾವನೆಯನ್ನೂ ನೆಚ್ಚಿಕೊಳ್ಳುವುದು ಸುಲಭವೇ? ಮುಂದೆ ಆ ಹಕ್ಕಿನ ಅರ್ಥವೂ ವಾದಕ್ಕೆ ಗುರಿಯಾಯಿತು. ಪ್ರಚಾರದ ಹಕ್ಕಿನಲ್ಲಿ ಪರರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರ ಜನವರಿಯಲ್ಲಿ ತೀರ್ಪಿತ್ತಿತು. ಆದರೂ ಸ್ವಾಮಿಗಳ ಪೀಳಿಗೆ ಮಾಡಿದ ಆಯ್ಕೆ ವ್ಯರ್ಥವಾಯಿತೆನ್ನಲಾಗದು. 25ನೆಯ ವಿಧಿಯ ಅಂತಃಸಾಕ್ಷಿಯ ಸ್ವಾತಂತ್ರ್ಯ ಕ್ರೈಸ್ತರಿಗಷ್ಟೇ ಅಲ್ಲ, ಎಲ್ಲರಿಗೂ ಸೇರಿದ್ದು. ಮೀಸಲು ಸ್ಥಾನ ಒಂದು ಪಂಗಡದ ಸೊತ್ತು. ಮೂಲಭೂತ ಹಕ್ಕು ಪ್ರತಿಯೊಬ್ಬ ಮನುಷ್ಯನ ಸೊತ್ತು.

ಸ್ವಾಮಿಗಳು ಹಲವು ಬಾರಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1951ರಲ್ಲಿ ಪುಣೆಯಲ್ಲಿ ಸಾಮಾಜಿಕ ಅಧ್ಯಯನ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದೇ ಮುಂದೆ ದೆಹಲಿಯ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಆಯಿತು. 1957ರಲ್ಲಿ ಯೇಸುಸಭೆಯ ಕಾರ್ಯಕ್ಕಾಗಿ ರೋಮಿಗೆ ತೆರಳಿ ಅಲ್ಲಿ ಹಲವು ವರ್ಷ ದುಡಿದರು. 1977ರ ಆಗಸ್ಟ್‌ನಲ್ಲಿ ದೈವಾಧೀನರಾದರು.

ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಅದೇ ರಾಜ್ಯಾಂಗದ 30ನೆಯ ವಿಧಿ ನೀಡಿದೆ. ನಮ್ಮ ಸುದ್ದಗುಂಟೆಪಾಳ್ಯದ ಮಗ್ಗುಲಲ್ಲೇ 1969ರಲ್ಲಿ ಆರಂಭವಾದ ಕ್ರೈಸ್ಟ್ ಕಾಲೇಜಿನಲ್ಲಿ ಎಲ್ಲ ಮತಗಳ ಮಕ್ಕಳೂ ಕಲಿತಿದ್ದಾರೆ. ವಾಚಕ ಬಾಂಧವರೇ, ಅಂದು ಸ್ವಾಮಿ ಜೆರೋಮರೂ ಅವರ ಸಂಗಡಿಗರೂ ನೆರೆಯವರ ಮೇಲೆ ಇಟ್ಟ ವಿಶ್ವಾಸಕ್ಕೆ ನಾವೂ ನಮ್ಮ ನೆರೆಯವರೂ ಪಾತ್ರರಾಗಿ ಬಾಳುವುದೇ ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.