ಲೆಸ್ಲಿ ಚಾರ್ಲ್ಸ್ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡಾ ದೇಶದ ಕೀಟವಿಜ್ಞಾನಿ ಹಾಗೂ ಸಸ್ಯರೋಗ ತಜ್ಞರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ಬೆಳೆಯನ್ನು ಹಾಳುಮಾಡುವ ಜೀವಿ ಯಾವುದೆಂದು ಖಚಿತವಾಗಿ ಗುರುತಿಸಿದ ನಂತರವೇ ಪರಿಹಾರ ಸೂಚಿಸುವ ಪದ್ಧತಿಗೆ ಈ ಸಂಸ್ಥಾನದಲ್ಲಿ ಬುನಾದಿ ಹಾಕಿದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಕೋಲ್ಮನ್ ಅವರು ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಕೀಟ ಮತ್ತು ಶಿಲೀಂಧ್ರ ಎರಡೂ ವಿಷಯಗಳ ಹೊಣೆಯನ್ನು ಹೊತ್ತರು.

ಜೋಳದ ಮಿಡತೆ

ಬಯಲುಸೀಮೆಯಲ್ಲಿ ಜೋಳದ ಬೆಳೆಯನ್ನು ತಿಂದುಹಾಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದು ರೈತರಿಗೆ ಪರಿಚಿತವಾಗಿದ್ದರೂ ವಿಜ್ಞಾನಕ್ಕೆ ಅಪರಿಚಿತವಾಗಿತ್ತು. ಸ್ಪೇನಿನ ತಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಇದನ್ನು ಹೊಸ ಕುಲವೆಂದು ವಿವರಿಸಿ, ಕೋಲ್ಮನ್ ಅವರ ಗೌರವಾರ್ಥ ಕೋಲ್ಮೇನಿಯ ಸ್ಫೆನಾರಿಯಾಯ್ಡಿಸ್ ಎಂದು ಹೆಸರಿಸಿದರು. ಕೋಲ್ಮನ್ ಅವರು ಸಹೋದ್ಯೋಗಿ ಕುಂಞಿ ಕಣ್ಣನ್ ಅವರೊಡನೆ ಈ ಕೀಟದ ಕುರಿತು 1911ರಲ್ಲಿ ಪ್ರಬಂಧ ಪ್ರಕಟಿಸಿದರು. ಇದು ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ; ಮುಂಗಾರಿನೊಡನೆ ಮರಿಗಳು ಹೊರಬರುತ್ತವೆ; ವರ್ಷಕ್ಕೆ ಒಂದೇ ಪೀಳಿಗೆ. ರೆಕ್ಕೆಯಿಲ್ಲದ ಕಾರಣ ದೂರ ಹಾರಿಹೋಗಲಾರದು. ಈ ಜೀವನಕ್ರಮ ತಿಳಿದುದರಿಂದಲೇ ಮರಿಗಳನ್ನು ಚೀಲಬಲೆಗಳಿಂದ ಹಿಡಿದು ನಾಶಪಡಿಸುವಂತಹ ಸರಳ ಉಪಾಯಗಳು ಸಾಧ್ಯವಾದವು. ಕುಂಞಿ ಕಣ್ಣನ್ ಅವರು ಮುಂದೆ ಸಂಸ್ಥಾನದ ಮೊದಲ ಭಾರತೀಯ ಕೀಟವಿಜ್ಞಾನಿಯಾದರು.

ಅಡಿಕೆಯ ಕೊಳೆರೋಗ

ಮಲೆನಾಡಿನಲ್ಲಿ ಮಳೆಗಾಲದ ಕೊಳೆರೋಗದಿಂದ ಎಳೆಯ ಅಡಿಕೆ ಉದುರಿ ತೋಟಗಾರರು ನಷ್ಟಕ್ಕೀಡಾಗುತ್ತಿದ್ದರು. ಗೊನೆಗಳಿಗೆ ಕೊಟ್ಟೆ ಕಟ್ಟುವುದು ರೂಢಿಯಲ್ಲಿದ್ದ ಉಪಾಯ. ಕೋಲ್ಮನ್ ಅವರು ಇದಕ್ಕೆ ಫೈಟಾಫ್ತೊರ ವರ್ಗದ ಶಿಲೀಂಧ್ರವೇ ಕಾರಣವೆಂದು 1910ರಲ್ಲಿ ವಿವರಿಸಿದರು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣವನ್ನು, ಮಳೆಗೆ ತೊಳೆದುಹೋಗದಂತೆ ಅಂಟುವಸ್ತು ಬೆರೆಸಿ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದರು. ಅಡಿಕೆ ತೋಟಗಳಲ್ಲಿ ಬೋರ್ಡೋ ಸಿಂಪಡಣೆ ಇಂದಿಗೂ ಬಳಕೆಯಲ್ಲಿದೆ.

ಸಂಸ್ಥೆಗಳ ನಿರ್ಮಾಣ

1913ರಲ್ಲಿ ಕೋಲ್ಮನ್ ಕೃಷಿ ನಿರ್ದೇಶಕರಾದರು. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ಇದು 1946ರಲ್ಲಿ ಕಾಲೇಜಾಗಿ, ಮುಂದೆ ಕೃಷಿ ವಿಶ್ವವಿದ್ಯಾಲಯಕ್ಕೆ ತಳಹದಿಯಾಯಿತು. ಕನಕಪುರ, ಮಾಗಡಿ ಸೀಮೆಯ ಜನರ ಮುಖ್ಯ ಆಹಾರವಾದ ರಾಗಿಯ ಬೇಸಾಯದ ಕುರಿತೂ ಅವರು 1920ರಲ್ಲಿ ಪುಸ್ತಿಕೆ ಪ್ರಕಟಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿಯೂ ಅವರ ಪಾತ್ರವಿತ್ತು.

ನಿವೃತ್ತಿ ಮತ್ತು ನಿಧನ

1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಕೋಲ್ಮನ್, ಟೊರಾಂಟೊದಲ್ಲಿ ಜೀವಕೋಶಗಳ ಅಧ್ಯಯನದಲ್ಲಿ ತೊಡಗಿದರು. 1954ರ ಸೆಪ್ಟೆಂಬರ್ 14ರಂದು ನಿಧನರಾದರು. ಜೋಳದ ಮಿಡತೆಯ ವೈಜ್ಞಾನಿಕ ನಾಮದಲ್ಲಿ ಅವರ ಹೆಸರು ಉಳಿದಿದೆ.